ದಾರಿ ಇಲ್ಲದ ಕಡೆಗೆ ಯಾವ ಗಾಡಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆಫ್‌ರೋಡ್ ಗಾಡಿ ಬಗ್ಗೆನೇ ಇದಾವೆ, ಅದಕ್ಕೆ ಬೇರೆ ವಿಷಯ ಎಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದೊಂದನ್ನೇ ತಗೊಂಡಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ನಿಮ್ಮ ಪ್ರಶ್ನೆ ಅಕ್ಷರಶಃ ಕಾಣ್ಲಿಲ್ಲ ಅಂದ್ರೂ ಉತ್ತರ ಎಲ್ಲೋ ಒಂದು ಕಡೆ ಸಿಗುತ್ತೆ.

ಪ್ರಶ್ನೆ: ಸರ್, ಹತ್ತು ವರ್ಷ ಸಣ್ಣ ಕಾರು ಓಡಿಸಿದೀನಿ. ಈಗ ಬೆಟ್ಟ, ಕಾಡು ಅಂತ ತಿರುಗೋಕೆ ಒಂದು ಗಾಡಿ ತಗೋಬೇಕು. ಎರಡು ನೋಡಿಟ್ಟಿದೀನಿ. ಒಂದು 160 ಬಿಎಚ್‌ಪಿ, ದೊಡ್ಡದಾಗಿದೆ, ಎತ್ತರ ಇದೆ, ಆದ್ರೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ಡ್ರೈವ್. ಇನ್ನೊಂದು 100 ಬಿಎಚ್‌ಪಿ ಆಸುಪಾಸು, ಚಿಕ್ಕದು, ಫೋರ್ ಬೈ ಫೋರ್ ಅಂದ್ರೆ ನಾಲ್ಕೂ ಚಕ್ರಕ್ಕೆ ಡ್ರೈವ್, ಲೋ ರೇಂಜ್ ಅನ್ನೋ ಇನ್ನೂ ನಿಧಾನದ ಗೇರೂ ಇದೆ. ಸ್ನೇಹಿತರೆಲ್ಲ ಪವರ್ ಜಾಸ್ತಿ ಇರೋದೇ ತಗೋ ಅಂತಾರೆ. ಯಾವುದು ಸರಿ?

ಉತ್ತರ: ನೀವು ಹೇಳಿರೋ ಬೆಟ್ಟ ಕಾಡು ಅಂದ್ರೆ ಎಂಥ ದಾರಿ ಅನ್ನೋದು ಮೊದಲು ಗೊತ್ತಾಗ್ಬೇಕು. ಮಣ್ಣು ರಸ್ತೆ, ಜಲ್ಲಿ ರಸ್ತೆ, ಅಲ್ಲಲ್ಲಿ ಗುಂಡಿ, ಇಷ್ಟೇ ಆದ್ರೆ ಎತ್ತರ ಇರೋ ಟೂ ವೀಲ್ ಡ್ರೈವ್ ಸಾಕು, ಒಳ್ಳೆ ಟೈರ್ ಹಾಕಿಸಿ ಆರಾಮಾಗಿ ಹೋಗ್ಬಹುದು. ಆದ್ರೆ ಕಲ್ಲು ಬಂಡೆ ಹತ್ತೋದು, ಕೆಸರು, ಮರಳು, ಹಳ್ಳ ದಾಟೋದು ಇದ್ರೆ ಎರಡನೇದೇ, ಅದ್ರಲ್ಲಿ ನನಗೆ ಸಂಶಯನೇ ಇಲ್ಲ.

ಪವರ್ ಅನ್ನೋದು ವೇಗಕ್ಕೆ ಬೇಕಾಗಿರೋದು. ದಾರಿ ಇಲ್ಲದ ಕಡೆ ನಮಗೆ ಬೇಕಾಗಿರೋದು ನಿಧಾನ. ಎಷ್ಟು ನಿಧಾನ ಅಂದ್ರೆ ಪಕ್ಕದಲ್ಲಿ ನಡ್ಕೊಂಡು ಬರೋ ಮನುಷ್ಯ ಗಾಡಿಗಿಂತ ಮುಂದೆ ಹೋಗ್ಬೇಕು, ಅಷ್ಟು ನಿಧಾನ, ಅದೂ ಕ್ಲಚ್ ಸುಡದೆ, ಎಂಜಿನ್ ಆಫ್ ಆಗದೆ. ಲೆಕ್ಕ ಹಾಕಿ ತೋರಿಸ್ತೀನಿ. ಒಂದು ಗಾಡಿಯ ಫಸ್ಟ್ ಗೇರ್ ರೇಶಿಯೋ 4, ಆಕ್ಸಲ್ ರೇಶಿಯೋ 4 ಅಂತ ಇಟ್ಕೊಳ್ಳಿ, ಎರಡನ್ನ ಗುಣಿಸಿದ್ರೆ 16, ಅಂದ್ರೆ ಎಂಜಿನ್ 16 ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 1,000 ಸುತ್ತು ಸುತ್ತಿದ್ರೆ ಚಕ್ರ ಸುಮಾರು 62 ಸುತ್ತು ಸುತ್ತುತ್ತೆ, ಚಕ್ರದ ಸುತ್ತಳತೆ 2.2 ಮೀಟರ್ ಇದ್ರೆ ವೇಗ ಗಂಟೆಗೆ 8 ಕಿಲೋಮೀಟರ್ ಚಿಲ್ಲರೆ ಆಯ್ತು. ಟಾರು ರಸ್ತೇಲಿ 8 ಏನೂ ಅಲ್ಲ, ಆದ್ರೆ ಮೊಣಕಾಲೆತ್ತರದ ಕಲ್ಲಿನ ಮೇಲೆ 8 ಅಂದ್ರೆ ಗಾಡಿ ಎಗರಿ ಬೀಳುತ್ತೆ. ಈಗ ಲೋ ರೇಂಜ್ ಹಾಕಿ, ಅದರ ರೇಶಿಯೋ 2 ಇದ್ರೆ ವೇಗ ಅರ್ಧಕ್ಕಿಳಿದು 4 ಆಗುತ್ತೆ, ಚಕ್ರದ ಹತ್ರ ಸಿಗೋ ಎಳೆಯೋ ಶಕ್ತಿ ಎರಡರಷ್ಟಾಗುತ್ತೆ. ಸುಜುಕಿ ಜಿಮ್ನಿಯ ಲೋ ರೇಂಜ್ ಹೆಚ್ಚುಕಮ್ಮಿ ಈ 2ರ ಲೆಕ್ಕದ್ದೇ. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಅದು 4, ಅಂದ್ರೆ ಇದೇ ಲೆಕ್ಕದಲ್ಲಿ ಗಂಟೆಗೆ 2 ಕಿಲೋಮೀಟರ್. ಅದಕ್ಕೇ ಬಂಡೆ ಹತ್ತೋರು ಆ ಗಾಡಿ ಅಂದ್ರೆ ಪ್ರಾಣ ಬಿಡ್ತಾರೆ.

ನಿಮ್ಮ ಸ್ನೇಹಿತರು ಪವರ್ ಪವರ್ ಅಂದಾಗ 1941ರಲ್ಲಿ ಬಂದ ವಿಲ್ಲಿಸ್ ಎಂಬಿ ಜೀಪನ್ನ ನೆನಪಿಸಿ. 2.2 ಲೀಟರ್ ಎಂಜಿನ್, ಪವರ್ ಬರೀ 60 ಎಚ್‌ಪಿ. ಇವತ್ತಿನ ಸಣ್ಣ ಕಾರುಗಳಲ್ಲೂ ಅದಕ್ಕಿಂತ ಜಾಸ್ತಿ ಇರುತ್ತೆ. ಆದ್ರೂ ಎರಡನೇ ಮಹಾಯುದ್ಧದಲ್ಲಿ ಅದು ಹೋಗದೆ ಇದ್ದ ಜಾಗ ಕಮ್ಮಿ, ಯಾಕಂದ್ರೆ ತೂಕ ಸುಮಾರು 1,100 ಕೆಜಿ, ನಾಲ್ಕೂ ಚಕ್ರಕ್ಕೆ ಡ್ರೈವ್, ಜೊತೆಗೆ ಹೆಚ್ಚುಕಮ್ಮಿ 2ರ ಲೋ ರೇಂಜ್. ಹಗುರ ಮೈ, ನಿಧಾನದ ಗೇರ್, ಅಷ್ಟೇ ಅದರ ಗುಟ್ಟು. ಟೆಸ್ಟ್ ಡ್ರೈವ್‌ಗೆ ಹೋದಾಗ ಎಲ್ಲರೂ ಆಕ್ಸಿಲರೇಟರ್ ತುಳಿದು ನೋಡ್ತಾರೆ, ನೀವು ಲೋ ರೇಂಜ್‌ಗೆ ಹಾಕಿ, ಫಸ್ಟ್ ಗೇರಲ್ಲಿ ಎರಡೂ ಕಾಲು ಪೆಡಲ್‌ನಿಂದ ತೆಗೆದುಬಿಟ್ಟು ಒಂದು ಏರು ಹತ್ತಿಸಿ ನೋಡಿ. ಅದೇನಾದ್ರೂ ಕೆಮ್ಮದೆ, ಜರ್ಕ್ ಹೊಡೀದೆ ತನ್ನ ಪಾಡಿಗೆ ತಾನು ಹತ್ತಿದ್ರೆ ಅದು ನಿಮ್ಮ ಗಾಡಿ.

ಪ್ರಶ್ನೆ: ಹಿಂದುಗಡೆ ಎಡಬ್ಲ್ಯುಡಿ (ಆಲ್ ವೀಲ್ ಡ್ರೈವ್) ಅಂತ ಬರೆದಿರೋ ಗಾಡಿ ಫೋರ್ ಬೈ ಫೋರ್ ಅಲ್ವಾ? ಶೋರೂಮ್‌ನಲ್ಲಿ ಎರಡೂ ಒಂದೇ ಅಂದ್ರು.

ಉತ್ತರ: ನಾಲ್ಕೂ ಚಕ್ರಕ್ಕೆ ಡ್ರೈವ್ ಹೋಗುತ್ತೆ ಅನ್ನೋ ಮಟ್ಟಿಗೆ ಒಂದೇ, ಬಳಕೇಲಿ ಬೇರೆ ಬೇರೆ. ಬಹುಪಾಲು ಎಡಬ್ಲ್ಯುಡಿ ಗಾಡಿಗಳು ಮಾಮೂಲಿ ಹೊತ್ತಲ್ಲಿ ಮುಂದಿನ ಚಕ್ರದಲ್ಲೇ ಓಡ್ತಿರ್ತಾವೆ, ಚಕ್ರ ಜಾರಿದ್ದು ಸೆನ್ಸರ್‌ಗೆ ಗೊತ್ತಾದಾಗ ಒಂದು ಕ್ಲಚ್ ಮೂಲಕ ಹಿಂದಕ್ಕೂ ಶಕ್ತಿ ಕಳಿಸ್ತಾವೆ. ಮಳೇಲಿ, ಹಿಮದಲ್ಲಿ, ಜಾರೋ ಜಲ್ಲೀಲಿ ಇದು ನಿಜವಾಗ್ಲೂ ಒಳ್ಳೇದು, ಡ್ರೈವರ್ ಏನೂ ಮಾಡ್ಬೇಕಾಗಿಲ್ಲ. ಆದ್ರೆ ಲೋ ರೇಂಜ್ ಇರಲ್ಲ, ಕೆಸರಲ್ಲಿ ಹತ್ತು ನಿಮಿಷ ಒದ್ದಾಡಿದ್ರೆ ಆ ಕ್ಲಚ್ ಬಿಸಿಯಾಗಿ ಡ್ಯಾಶ್‌ಬೋರ್ಡಲ್ಲಿ ವಾರ್ನಿಂಗ್ ಬರುತ್ತೆ, ಹಿಂದಿನ ಚಕ್ರ ಕೈಬಿಡುತ್ತೆ. ಸಿಕ್ಕಿಹಾಕ್ಕೊಂಡಿರೋ ಹೊತ್ತಲ್ಲೇ ಕೈಬಿಡುತ್ತೆ ಅನ್ನೋದು ಬೇಜಾರಿನ ವಿಷಯ.

ಪಾರ್ಟ್ ಟೈಮ್ ಫೋರ್ ಬೈ ಫೋರ್, ಅಂದ್ರೆ ಬೇಕಾದಾಗ ಮಾತ್ರ ನಾವೇ ಹಾಕೋದ್ರಲ್ಲಿ, ಟ್ರಾನ್ಸ್‌ಫರ್ ಕೇಸ್ ಅನ್ನೋ ಶಕ್ತಿ ಹಂಚೋ ಪೆಟ್ಟಿಗೇಲಿ ಮುಂದಿನ ಹಿಂದಿನ ಶಾಫ್ಟ್ ಎರಡೂ ಗಟ್ಟಿಯಾಗಿ ಕಚ್ಕೊಳ್ಳುತ್ತೆ. ಅರ್ಧ ಅರ್ಧ, ಕಾದು ಜಾರಿ ಬಿಡೋ ಕ್ಲಚ್ ಅಲ್ಲಿ ಇಲ್ಲ. ಇದರ ಇನ್ನೊಂದು ಮುಖಾನೂ ತಿಳ್ಕೊಳ್ಳಿ, ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡ್ಬೇಕು, ಗಟ್ಟಿ ಕಚ್ಕೊಂಡಿರೋವಾಗ ಆ ವ್ಯತ್ಯಾಸಕ್ಕೆ ಜಾಗ ಇರಲ್ಲ. ಮಣ್ಣಲ್ಲಿ ಚಕ್ರ ಸ್ವಲ್ಪ ಜಾರಿ ಸರಿ ಮಾಡ್ಕೊಳ್ಳುತ್ತೆ, ಒಣ ಟಾರಲ್ಲಿ ಜಾರೋಕಾಗದೆ ಶಾಫ್ಟು ಗೇರುಗಳೆಲ್ಲ ತಿರುಚಿಕೊಳ್ತಾವೆ, ಸ್ಟೇರಿಂಗ್ ಬಿಗಿಯಾಗುತ್ತೆ, ಕೊನೆಗೆ ಏನೋ ಒಂದು ಮುರಿಯುತ್ತೆ. ಹಾಗಾಗಿ ಒಣ ಟಾರಲ್ಲಿ 4ಎಚ್, ಅಂದ್ರೆ ಮಾಮೂಲಿ ಗೇರಿನ ಫೋರ್ ಬೈ ಫೋರ್, ಬೇಡ. ಮುಂದೆ ಹಿಂದೆ ಬೇರೆ ಬೇರೆ ವೇಗಕ್ಕೆ ಅವಕಾಶ ಕೊಡೋ ಸೆಂಟರ್ ಡಿಫರೆನ್ಷಿಯಲ್ ಇರೋ ಫುಲ್ ಟೈಮ್ ಗಾಡಿಗಳಿಗೆ ಈ ಕಟ್ಟುಪಾಡಿಲ್ಲ, 1970ರ ರೇಂಜ್ ರೋವರ್ ಆ ಥರದ್ದು, 1977ರ ಲಾಡಾ ನಿವಾನೂ ಅಷ್ಟೇ, ಮೇಲಿಂದ ಅದಕ್ಕೆ ಲೋ ರೇಂಜೂ ಇತ್ತು, ಬೇಕಾದಾಗ ಸೆಂಟರ್ ಡಿಫರೆನ್ಷಿಯಲ್ ಗಟ್ಟಿ ಕಟ್ಟೋ ಲಾಕೂ ಇತ್ತು.

ಶೋರೂಮ್‌ನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ, "ಲೋ ರೇಂಜ್ ಇದೆಯಾ, ಅದರ ಲಿವರ್ ಅಥವಾ ಬಟನ್ ತೋರಿಸಿ" ಅಂತ. ಉತ್ತರ ಅಲ್ಲೇ ಸಿಗುತ್ತೆ.

ಪ್ರಶ್ನೆ: ಗ್ರೌಂಡ್ ಕ್ಲಿಯರೆನ್ಸ್ 200 ಎಂಎಂಗಿಂತ ಜಾಸ್ತಿ ಅಂತ ಬ್ರೋಶರ್‌ನಲ್ಲಿ ಇದೆ, ಆದ್ರೂ ನನ್ನ ಗಾಡಿ ದಿಬ್ಬ ದಾಟೋವಾಗ ಹೊಟ್ಟೆ ತಾಗುತ್ತೆ, ಇಳಿಯೋವಾಗ ಬಂಪರ್ ಉಜ್ಜುತ್ತೆ. ಸುಳ್ಳು ಬರ್ದಿದಾರಾ?

ಉತ್ತರ: ಸುಳ್ಳು ಬರ್ದಿರಲ್ಲ, ಆದ್ರೆ ಆ ಒಂದು ನಂಬರ್ ಪೂರ್ತಿ ಕಥೆ ಹೇಳಲ್ಲ. ಗ್ರೌಂಡ್ ಕ್ಲಿಯರೆನ್ಸ್ ಅಂದ್ರೆ ಗಾಡಿ ಸಮತಟ್ಟು ನೆಲದ ಮೇಲೆ ನಿಂತಾಗ ಅಡಿಯಲ್ಲಿ ಅತಿ ಕೆಳಗಿರೋ ಜಾಗಕ್ಕೂ ನೆಲಕ್ಕೂ ಇರೋ ಅಂತರ. ನೆಲ ಸಮತಟ್ಟು ಇಲ್ಲದೆ ಇದ್ದಾಗ ಕೆಲಸಕ್ಕೆ ಬರೋದು ಮೂರು ಕೋನಗಳು. ಮುಂದಿನ ಚಕ್ರದಿಂದ ಬಂಪರ್ ತುದಿಗೆ ಇರೋ ಅಪ್ರೋಚ್ ಕೋನ, ಹಿಂದಿನ ಚಕ್ರದಿಂದ ಹಿಂದಿನ ಬಂಪರ್‌ಗೆ ಇರೋ ಡಿಪಾರ್ಚರ್ ಕೋನ, ಎರಡೂ ಚಕ್ರದ ಮಧ್ಯೆ ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬ ಎಷ್ಟು ಚೂಪು ಅನ್ನೋ ಬ್ರೇಕ್‌ಓವರ್ ಕೋನ.

ಹೊಟ್ಟೆ ತಾಗೋದಕ್ಕೆ ಮುಖ್ಯ ಕಾರಣ ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ಮಧ್ಯದ ಉದ್ದ. ಇದಕ್ಕೆ ಜಿಮ್ನಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ, ಯಾಕಂದ್ರೆ ಒಂದೇ ಗಾಡಿ ಎರಡು ಉದ್ದದಲ್ಲಿ ಬರುತ್ತೆ. ಮೂರು ಬಾಗಿಲಿಂದು ವೀಲ್‌ಬೇಸ್ 2,250 ಎಂಎಂ, ಐದು ಬಾಗಿಲಿಂದು 2,590. ಗ್ರೌಂಡ್ ಕ್ಲಿಯರೆನ್ಸ್ ಎರಡಕ್ಕೂ 210. ಆದ್ರೆ ಬ್ರೇಕ್‌ಓವರ್ ಕೋನ ಮೂರು ಬಾಗಿಲಿಂದಕ್ಕೆ 28 ಡಿಗ್ರಿ, ಐದು ಬಾಗಿಲಿಂದಕ್ಕೆ 24. ಎತ್ತರ ಒಂದಿಷ್ಟೂ ಬದಲಾಗಿಲ್ಲ, ಮಧ್ಯದಲ್ಲಿ ಒಂದು ಗೇಣಿಗಿಂತ ಜಾಸ್ತಿ ಉದ್ದ ಸೇರಿದ್ದಕ್ಕೆ 4 ಡಿಗ್ರಿ ಹೋಯ್ತು. ಹಂಗಂತ ಉದ್ದ ಗಾಡಿ ಕೆಟ್ಟದ್ದು ಅಂತಲ್ಲ. ಕಡಿದಾದ ಏರಲ್ಲಿ ಉದ್ದ ವೀಲ್‌ಬೇಸ್ ನೆಲಕ್ಕೆ ಕಚ್ಕೊಂಡು ಹತ್ತುತ್ತೆ, ತೀರಾ ಗಿಡ್ಡ ಗಾಡಿ ಮುಂದಿನ ಕಾಲೆತ್ತೋ ಕುದುರೆ ಥರ ಆಡುತ್ತೆ, ಸಾಮಾನು ಇಡೋಕೂ ಜಾಗ ಇರಲ್ಲ.

ಇನ್ನೊಂದು ಸಲಹೆ, ಗಾಡಿ ಕೊಳ್ಳೋ ಮುಂಚೆ ಒಂದು ಟೇಪ್ ಹಿಡ್ಕೊಂಡು ಅಡೀಲಿ ಮಲಗಿ ನೋಡಿ. ನಾನು ಪ್ರತಿ ಗಾಡಿಗೂ ಹಿಂಗೇ ಮಾಡ್ತೀನಿ, ಬಟ್ಟೆ ಹಾಳಾದ್ರೂ ಪರವಾಗಿಲ್ಲ. ಹಿಂದಿನ ಆಕ್ಸಲ್ ಮಧ್ಯೆ ಕುಂಬಳಕಾಯಿ ಗಾತ್ರದ ಒಂದು ಕಬ್ಬಿಣದ ಗುಂಡು ನೇತಾಡ್ತಿರುತ್ತೆ, ಅದು ಎಡ ಬಲ ಚಕ್ರಕ್ಕೆ ಶಕ್ತಿ ಹಂಚೋ ಡಿಫರೆನ್ಷಿಯಲ್, ಸಾಲಿಡ್ ಆಕ್ಸಲ್ (ಎರಡೂ ಚಕ್ರ ಒಂದೇ ಗಟ್ಟಿ ಅಚ್ಚಿಗೆ ಕೂತಿರೋ) ಗಾಡೀಲಿ ಬಹುತೇಕ ಅದೇ ಅತಿ ಕೆಳಗಿರೋದು. ಅದು ಎರಕದ ಕಬ್ಬಿಣ, ಕಲ್ಲಿಗೆ ತಾಗಿದ್ರೂ ತಡ್ಕೊಳ್ಳುತ್ತೆ. ಕೆಲವು ಗಾಡಿಗಳಲ್ಲಿ ಕೆಳಗೆ ಕಾಣೋದು ಎಂಜಿನ್ ಆಯಿಲ್ ಇರೋ ತೆಳು ಸಂಪ್ ಆಗಿರುತ್ತೆ, ಅಥವಾ ಪ್ಲಾಸ್ಟಿಕ್ ಹೊದಿಕೆ, ಎಕ್ಸಾಸ್ಟ್ ಪೈಪು. ಕಲ್ಲಿಗೆ ತಾಗಿದ್ರೆ ಆಯಿಲ್ ಅಲ್ಲೇ ಸುರಿದು ಹೋಗುತ್ತೆ. ಎರಡು ಗಾಡಿಗೂ ಬ್ರೋಶರ್‌ನಲ್ಲಿ ಒಂದೇ ನಂಬರ್ ಇರಬಹುದು, ಅಡೀಲಿ ನೋಡಿದಾಗ ಮಾತ್ರ ವ್ಯತ್ಯಾಸ ಕಾಣೋದು.

ಪ್ರಶ್ನೆ: ಅಣ್ಣ, ಡಿಫ್ ಲಾಕ್ ಇರೋ ವೇರಿಯಂಟ್‌ಗೆ ತುಂಬ ದುಡ್ಡು ಕೊಡ್ಬೇಕು. ಟ್ರಾಕ್ಷನ್ ಕಂಟ್ರೋಲ್ ಇದ್ರೆ ಸಾಲ್ದಾ?

ಉತ್ತರ: ಇದಕ್ಕೆ ನನ್ನದೇ ಅನುಭವ ಹೇಳ್ತೀನಿ ತಮ್ಮಾ. ಮೊದಲ ಫೋರ್ ಬೈ ಫೋರ್ ತಗೊಂಡ ಹೊಸದರಲ್ಲಿ ಒಂದು ಕೊರಕಲನ್ನ ಓರೆಯಾಗಿ ದಾಟೋಕೆ ಹೋಗಿದ್ದೆ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ, ಎರಡೂ ಗಾಳೀಲಿ. ಆಕ್ಸಿಲರೇಟರ್ ತುಳಿದ್ರೆ ಆ ಎರಡು ಚಕ್ರ ಗಿರಗಿರ ಸುತ್ತುತ್ತೆ, ನೆಲದಲ್ಲಿ ಗಟ್ಟಿ ಕೂತಿರೋ ಎರಡು ಚಕ್ರ ಅಲುಗಾಡಲ್ಲ. ನಾಲ್ಕು ಚಕ್ರದ ಡ್ರೈವ್ ಅಂತ ದುಡ್ಡು ಕೊಟ್ಟು ಒಂದು ಚಕ್ರದ ಕೆಲಸನೂ ಆಗ್ತಿಲ್ಲ ಅಂತ ಎಷ್ಟು ಬೇಜಾರಾಗಿತ್ತು ಅಂದ್ರೆ ಹೇಳೋಕಾಗಲ್ಲ. ತಪ್ಪು ಗಾಡಿದಲ್ಲ, ಡಿಫರೆನ್ಷಿಯಲ್ ಕೆಲಸ ಮಾಡೋದೇ ಹಂಗೆ. ಮಾಮೂಲಿ ಓಪನ್ ಡಿಫರೆನ್ಷಿಯಲ್ ಎಡಕ್ಕೂ ಬಲಕ್ಕೂ ಒಂದೇ ಪ್ರಮಾಣದ ಟಾರ್ಕ್, ಅಂದ್ರೆ ತಿರುಗಿಸೋ ಬಲ, ಕೊಡುತ್ತೆ, ಗಾಳೀಲಿರೋ ಚಕ್ರ ಸುತ್ತೋಕೆ ಚೂರೇ ಚೂರು ಸಾಕು, ಹಾಗಾಗಿ ನೆಲದಲ್ಲಿರೋ ಚಕ್ರಕ್ಕೂ ಅದೇ ಚೂರು ಸಿಗೋದು.

ಟ್ರಾಕ್ಷನ್ ಕಂಟ್ರೋಲ್ ಏನು ಮಾಡುತ್ತೆ ಅಂದ್ರೆ, ಸುಮ್ಮನೆ ಸುತ್ತುತ್ತಿರೋ ಚಕ್ರಕ್ಕೆ ಬ್ರೇಕ್ ಹಾಕುತ್ತೆ, ಆಗ ಆ ಚಕ್ರ ಸುತ್ತೋಕೆ ಜಾಸ್ತಿ ಟಾರ್ಕ್ ಬೇಕಾಗುತ್ತೆ, ಅಷ್ಟೇ ಟಾರ್ಕ್ ಆಚೆ ಕಡೆ ಚಕ್ರಕ್ಕೂ ಹೋಗುತ್ತೆ, ಗಾಡಿ ಹೊರಡುತ್ತೆ. ಹೊಸ ಗಾಡಿಗಳಲ್ಲಿ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ, ತಿಂಗಳಿಗೊಂದು ಸಲ ಆಫ್‌ರೋಡ್ ಹೋಗೋರಿಗೆ ಧಾರಾಳವಾಗಿ ಸಾಕು. ಆದ್ರೆ ಚಕ್ರ ಮೊದಲು ಜಾರಬೇಕು, ಆಮೇಲೆ ಅದು ಎಚ್ಚರ ಆಗೋದು, ಅಷ್ಟರಲ್ಲಿ ಕೆಸರಲ್ಲಿ ಗುಂಡಿ ತೋಡಿರುತ್ತೆ. ಡಿಫ್ ಲಾಕ್ ಇದ್ರೆ ಮೊದಲೇ ಬಟನ್ ಒತ್ತಿ ಎರಡೂ ಚಕ್ರ ಒಟ್ಟಿಗೆ ಕಟ್ಟಿಹಾಕಿ ನಿಧಾನಕ್ಕೆ ಹೋಗ್ಬಹುದು. ಹಿಂದಿನ ಆಕ್ಸಲ್‌ಗೆ ಒಂದು ಲಾಕ್ ಇದ್ರೆ ಬಹಳ ಆಯ್ತು. ಮರ್ಸಿಡಿಸ್ ಜಿ-ಕ್ಲಾಸ್‌ನಲ್ಲಿ ಮುಂದೆ, ಮಧ್ಯ, ಹಿಂದೆ ಅಂತ ಮೂರೂ ಇದಾವೆ, ಅದು ಬೇರೆ ಲೋಕ. ಲಾಕ್ ಹಾಕಿದಾಗ ಸ್ಟೇರಿಂಗ್ ತಿರುಗಿಸೋದು ಕಷ್ಟ, ಗಟ್ಟಿ ನೆಲಕ್ಕೆ ಬಂದ ತಕ್ಷಣ ತೆಗೀಬೇಕು.

ಕೈಯಲ್ಲಿರೋ ದುಡ್ಡು ಲಾಕ್‌ಗೆ ಅಥವಾ ಒಳ್ಳೆ ಟೈರ್‌ಗೆ, ಎರಡರಲ್ಲಿ ಒಂದಕ್ಕೆ ಮಾತ್ರ ಸಾಕಾಗುತ್ತೆ ಅಂದ್ರೆ ಟೈರ್‌ಗೆ ಹಾಕು.

ಪ್ರಶ್ನೆ: ಟೈರ್ ಯಾವುದು ಹಾಕಿಸ್ಬೇಕು? 18 ಇಂಚಿನ ಅಲಾಯ್ ಚೆನ್ನಾಗಿ ಕಾಣುತ್ತೆ, 16 ಇಂಚಿಂದು ಬೇಸ್ ಮಾಡೆಲ್‌ನಲ್ಲಿ ಮಾತ್ರ ಇದೆ.

ಉತ್ತರ: ಬೇಸ್ ಮಾಡೆಲ್‌ದೇ ಒಳ್ಳೇದು. ಚಕ್ರದ ಹೊರಗಿನ ಅಳತೆ ಒಂದೇ ಇದ್ದಾಗ ರಿಮ್ ಚಿಕ್ಕದಾದಷ್ಟೂ ರಬ್ಬರ್ ಗೋಡೆ ಎತ್ತರ. ಆಫ್‌ರೋಡಲ್ಲಿ ನಮ್ಮ ಪ್ರಾಣ ಇರೋದೇ ಆ ಗೋಡೇಲಿ, ಅದು ಬಾಗುತ್ತೆ, ಕಲ್ಲಿನ ಏಟು ನುಂಗ್ಕೊಳ್ಳುತ್ತೆ, ಗಾಳಿ ಕಮ್ಮಿ ಮಾಡಿದ್ರೆ ಹರಡ್ಕೊಳ್ಳುತ್ತೆ. ತೆಳು ಗೋಡೆಯ ಟೈರ್ ಚೂಪು ಕಲ್ಲಿಗೆ ಬಡಿದ್ರೆ ರಿಮ್ ಮತ್ತೆ ಕಲ್ಲಿನ ಮಧ್ಯೆ ರಬ್ಬರ್ ಜಜ್ಜಿ ಸೀಳುತ್ತೆ, ಸೈಡ್‌ವಾಲ್ ಸೀಳಿದ್ರೆ ಪಂಚರ್ ಹಾಕಿ ಅದನ್ನ ನಂಬೋಕಾಗಲ್ಲ, ಟೈರೇ ಬದಲಾಯಿಸ್ಬೇಕು.

ಜಾತಿ ವಿಷಯಕ್ಕೆ ಬಂದ್ರೆ ಎಚ್‌ಟಿ ಟಾರು ರಸ್ತೆಗೆ, ಎಂಟಿ ಕೆಸರಿಗೆ, ಎಟಿ ಎರಡಕ್ಕೂ ಮಧ್ಯೆ. ಎಂಟಿ ಟೈರಿನ ದಪ್ಪ ಗಡ್ಡೆಗಳು ಕೆಸರನ್ನ ಉಗುಳ್ಕೊಂಡು ಹೋಗ್ತಾವೆ, ನಿಜ, ಆದ್ರೆ ಟಾರಲ್ಲಿ ಗುಯ್ ಅಂತ ಸದ್ದು, ಒದ್ದೆ ರಸ್ತೇಲಿ ಬ್ರೇಕ್ ಹಿಡಿಯೋದು ಕಮ್ಮಿ, ಬೇಗ ಸವೆಯುತ್ತೆ. ವಾರವೆಲ್ಲ ಟಾರಲ್ಲಿ ಓಡಿಸಿ ರಜೇಲಿ ಮಣ್ಣಿಗೆ ಇಳಿಯೋರು ಎಟಿ ಹಾಕಿಸಿ, ಎರಡನೇ ಯೋಚನೆ ಬೇಡ.

ಗಾಳಿ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ರಸ್ತೇಲಿ 35 ಪಿಎಸ್‌ಐ ಇಡೋ ಗಾಡೀನ ಜಲ್ಲಿಗೆ 26-28ಕ್ಕೆ ಇಳಿಸಿ, ಮರಳಿಗೆ 15-18ಕ್ಕೆ ಇಳಿಸಿ. ಮೊದಲ ಸಲ ಮಾಡಿದಾಗ ಪಕ್ಕದಲ್ಲಿ ಕೂತು ಟೈರನ್ನೇ ನೋಡಿ, ಗಾಳಿ ಹೋದ ಹಾಗೆ ನೆಲ ಮುಟ್ಟೋ ಜಾಗ ಅಗಲಕ್ಕಿಂತ ಉದ್ದುದ್ದಕ್ಕೆ ಬೆಳೀತಾ ಹೋಗುತ್ತೆ, ಚಕ್ರ ಟ್ಯಾಂಕಿನ ಪಟ್ಟಿ ಥರ ಮಲಗುತ್ತೆ. ಐದು ನಿಮಿಷ ಮುಂಚೆ ಆಕ್ಸಲ್‌ವರೆಗೂ ಹೂತುಹೋಗ್ತಿದ್ದ ಗಾಡಿ ಅದೇ ಮರಳ ಮೇಲೆ ತೇಲ್ಕೊಂಡು ಹೋಗುತ್ತೆ, ಒಂದು ರೂಪಾಯಿ ಖರ್ಚಿಲ್ಲ. 15ಕ್ಕಿಂತ ಕೆಳಗೆ ಹೋದ್ರೆ ತಿರುವಲ್ಲಿ ಟೈರ್ ರಿಮ್ ಬಿಟ್ಟು ಕಳಚ್ಕೊಳ್ಳೋ ಅಪಾಯ ಇದೆ. ಮತ್ತೆ ಟಾರಿಗೆ ಬಂದ ಕೂಡ್ಲೇ ಗಾಳಿ ತುಂಬಿಸ್ಬೇಕು, ಕಮ್ಮಿ ಗಾಳೀಲಿ ವೇಗವಾಗಿ ಓಡಿಸಿದ್ರೆ ಟೈರ್ ಕಾದು ಸಿಡಿಯುತ್ತೆ. ಅದಕ್ಕೆ 12 ವೋಲ್ಟಿನ ಒಂದು ಕಂಪ್ರೆಸರ್ ಮತ್ತೆ ಪ್ರೆಶರ್ ಗೇಜ್ ಗಾಡೀಲಿ ಇರ್ಲೇಬೇಕು.

ಪ್ರಶ್ನೆ: ಲ್ಯಾಡರ್ ಫ್ರೇಮ್ ಇಲ್ಲದೆ ಇರೋದು ಆಫ್‌ರೋಡ್ ಗಾಡಿನೇ ಅಲ್ಲ ಅಂತಾರೆ, ನಿಜಾನಾ?

ಉತ್ತರ: ಅರ್ಧ ನಿಜ. ಲ್ಯಾಡರ್ ಫ್ರೇಮ್ ಅಂದ್ರೆ ಬಾಡಿ ಕೆಳಗೆ ಏಣಿ ಥರ ಇರೋ ಬೇರೆ ಉಕ್ಕಿನ ಚೌಕಟ್ಟು. ಅದು ಇದ್ರೆ ಏಟು ತಡ್ಕೊಳ್ಳುತ್ತೆ, ರಿಪೇರಿ ಸುಲಭ, ಭಾರ ಎಳೆಯೋಕೆ, ಗಾಡಿ ಎತ್ತರಿಸೋಕೆ ಅನುಕೂಲ. 1984ರಿಂದ ಇವತ್ತಿನವರೆಗೂ ಟೊಯೋಟಾ ಲ್ಯಾಂಡ್ ಕ್ರೂಸರ್ 70 ಸೀರೀಸ್ ತಯಾರಾಗ್ತಾನೇ ಇದೆ ಅಂದ್ರೆ ಆ ಹಳೇ ಕಟ್ಟೋಣಕ್ಕೆ ಎಷ್ಟು ಬೆಲೆ ಇದೆ ಅಂತ ಗೊತ್ತಾಗುತ್ತೆ. ಆದ್ರೆ ಮೇಲೆ ಹೇಳಿದ ನಿವಾಗೆ ಫ್ರೇಮೇ ಇಲ್ಲ, ಬಾಡಿನೇ ಚೌಕಟ್ಟಾಗಿರೋ ಮಾನೊಕಾಕ್, ಆದ್ರೂ ಕೆಸರಲ್ಲಿ ಹಿಮದಲ್ಲಿ ಹೆಸರು ಮಾಡಿದ ಗಾಡಿ. 2019ರಲ್ಲಿ ತೋರಿಸಿದ ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ಕೂಡ ಅಲ್ಯೂಮಿನಿಯಂ ಮಾನೊಕಾಕ್. ಫ್ರೇಮ್ ಇದೆಯೋ ಇಲ್ವೋ ಅನ್ನೋದಕ್ಕಿಂತ ಚಕ್ರ ಎಷ್ಟು ಮೇಲೆ ಕೆಳಗೆ ಆಡುತ್ತೆ, ನಿಧಾನಕ್ಕೆ ಹೋಗುತ್ತಾ, ಅಡಿಭಾಗಕ್ಕೆ ರಕ್ಷಣೆ ಇದೆಯಾ, ಅದನ್ನ ನೋಡಿ.

ಪ್ರಶ್ನೆ: ಮ್ಯಾನ್ಯುಯಲ್ ಒಳ್ಳೇದಾ ಆಟೋಮ್ಯಾಟಿಕ್ ಒಳ್ಳೇದಾ?

ಉತ್ತರ: ಕ್ಲಚ್ ಬದಲು ಎಣ್ಣೆ ಮೂಲಕ ಶಕ್ತಿ ದಾಟಿಸೋ ಟಾರ್ಕ್ ಕನ್ವರ್ಟರ್ ಇರೋ ಆಟೋಮ್ಯಾಟಿಕ್ ಆದ್ರೆ ಹೊಸಬರಿಗೆ ಅದೇ ಸುಲಭ. ಕಲ್ಲಿನ ಮಧ್ಯೆ ನಿಂತು ಮತ್ತೆ ಹೊರಡೋವಾಗ ಕ್ಲಚ್ ಸುಡೋ ಭಯ ಇಲ್ಲ, ಹಿಂದಕ್ಕೆ ಜಾರೋದೂ ಕಮ್ಮಿ. ಇಳಿಜಾರಲ್ಲಿ ಎಂಜಿನ್ ಬ್ರೇಕಿಂಗ್‌ಗೆ ಮ್ಯಾನ್ಯುಯಲ್ ಜೊತೆ ಲೋ ರೇಂಜ್ ಒಂದು ಕೈ ಮೇಲೆ. ಡ್ರೈ ಕ್ಲಚ್ ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್), ಸಿವಿಟಿ (ಬೆಲ್ಟಿನ ಆಟೋಮ್ಯಾಟಿಕ್) ಇವೆರಡನ್ನ ಗಟ್ಟಿ ಆಫ್‌ರೋಡಿಂಗ್‌ಗೆ ನಾನು ಹೇಳಲ್ಲ, ನಿಧಾನದಲ್ಲಿ ಬೇಗ ಕಾಯ್ತಾವೆ.

ಪ್ರಶ್ನೆ: ನಾನು ಸ್ವಲ್ಪ ಗಿಡ್ಡ, ದೊಡ್ಡ ಗಾಡೀಲಿ ಕೂತ್ರೆ ಬಾನೆಟ್ ಮುಂದೆ ಏನಿದೆ ಅಂತ ಕಾಣಲ್ಲ. ಒಬ್ಬಳೇ ಓಡಿಸ್ತೀನಿ. ಆಫ್‌ರೋಡ್ ಅಂದ್ರೆ ದೊಡ್ಡ ಗಾಡಿನೇ ಬೇಕಾ ಸರ್?

ಉತ್ತರ: ಬೇಡ ಮೇಡಂ, ಮತ್ತೆ ನೀವು ಕೇಳಿರೋ ಪ್ರಶ್ನೆ ಎತ್ತರ ಇರೋರೂ ಕೇಳ್ಬೇಕಾದ್ದು. ಮುಂದಿನ ಚಕ್ರ ಯಾವ ಕಲ್ಲಿನ ಮೇಲೆ ಇಡ್ತಿದೀವಿ ಅಂತ ಗೊತ್ತಿರೋದೇ ಅರ್ಧ ಡ್ರೈವಿಂಗ್. ಸೀಟ್ ಎತ್ತರ ಹೊಂದಿಸೋಕೆ ಬರುತ್ತಾ, ಬಾನೆಟ್‌ನ ಎರಡೂ ಮೂಲೆ ಕೂತಲ್ಲಿಂದ ಕಾಣುತ್ತಾ, ಕ್ಲಚ್ ಪೂರ್ತಿ ತುಳಿದಾಗ ಬೆನ್ನು ಸೀಟು ಬಿಟ್ಟು ಏಳುತ್ತಾ, ಇದನ್ನೆಲ್ಲ ಶೋರೂಮ್‌ನಲ್ಲೇ ಅರ್ಧ ಗಂಟೆ ಕೂತು ನೋಡಿ, ಯಾರು ಏನಂದ್ಕೊಂಡ್ರೂ ಪರವಾಗಿಲ್ಲ.

ಇನ್ನು ತೂಕ. ಮೂರು ಬಾಗಿಲ ಜಿಮ್ನಿ ಸುಮಾರು 1,100 ಕೆಜಿ, ದೊಡ್ಡ ಎಸ್‌ಯುವಿಗಳು 2,000 ದಾಟ್ತಾವೆ. ಮರಳಲ್ಲಿ, ಕೆಸರಲ್ಲಿ ಹಗುರ ಗಾಡಿ ಮೇಲೆ ಮೇಲೆ ಹೋಗುತ್ತೆ, ಭಾರದ್ದು ಹೂತ್ಕೊಳ್ಳುತ್ತೆ. ಸಿಕ್ಕಿಹಾಕ್ಕೊಂಡ್ರೂ ಹಗುರದ್ದನ್ನ ನಾಲ್ಕು ಜನ ತಳ್ಳಬಹುದು, ಚಿಕ್ಕ ಗಾಡಿ ಬಂದು ಎಳೀಬಹುದು. ಮರಗಳ ಮಧ್ಯೆ ನುಸುಳೋಕೆ, ಇಕ್ಕಟ್ಟಲ್ಲಿ ವಾಪಸ್ ತಿರುಗಿಸೋಕೆ ಚಿಕ್ಕದಕ್ಕೆ ಸಮ ಇಲ್ಲ. ಸಾಮಾನು ತುಂಬೋಕೆ ಜಾಗ ಕಮ್ಮಿ, ಉದ್ದ ಹೆದ್ದಾರಿ ಪ್ರಯಾಣದಲ್ಲಿ ಸ್ವಲ್ಪ ಕುಲುಕಾಟ, ಇವೆರಡು ಒಪ್ಕೋಬೇಕು. ಆದ್ರೆ ಒಬ್ಬರೇ ಅಂದಿದೀರಲ್ಲ, ಅದೊಂದೇ ನನಗೆ ಕಳವಳ. ಕಷ್ಟದ ದಾರಿಗೆ ಇನ್ನೊಂದು ಗಾಡಿ ಜೊತೆ ಇಲ್ಲದೆ ಇಳೀಬೇಡಿ, ಇದನ್ನ ಗಂಡಸರಿಗೂ ಇಷ್ಟೇ ಗಟ್ಟಿಯಾಗಿ ಹೇಳ್ತೀನಿ.

ಪ್ರಶ್ನೆ: ನೀರಲ್ಲಿ ಎಷ್ಟು ಆಳದವರೆಗೆ ಹೋಗ್ಬಹುದು?

ಉತ್ತರ: ಕಂಪನಿಯವರು ವಾಟರ್ ವೇಡಿಂಗ್ ಅಂತ ಒಂದು ಅಳತೆ ಕೊಟ್ಟಿರ್ತಾರೆ. ಮಹೀಂದ್ರಾ ಥಾರ್‌ಗೆ 650 ಎಂಎಂ, ಫೋರ್ಡ್ ರೇಂಜರ್‌ಗೆ 800, ಏರ್ ಸಸ್ಪೆನ್ಷನ್ ಇರೋ ಹೊಸ ಡಿಫೆಂಡರ್‌ಗೆ 900. ನಿಮ್ಮ ಗಾಡಿಗೆ ಅಂಥ ಅಳತೆ ಕೊಟ್ಟೇ ಇಲ್ಲ ಅಂದ್ರೆ ಚಕ್ರದ ಮಧ್ಯಭಾಗಕ್ಕಿಂತ ಮೇಲೆ ನೀರಿದ್ರೆ ಇಳೀಬೇಡಿ. ಮತ್ತೆ ಈ ಅಳತೆ ನಿಂತ ನೀರಿಗೆ, ನಿಧಾನಕ್ಕೆ ಹೋಗೋವಾಗಿಂದು. ಹರಿಯೋ ನೀರು ಬೇರೆ, ಗಾಡಿಯ ಬಾಗಿಲು ಅದಕ್ಕೆ ದೊಡ್ಡ ಹಾಯಿ ಇದ್ದಂಗೆ, ಮೊಣಕಾಲುದ್ದದ ರಭಸದ ನೀರೂ ಗಾಡೀನ ಪಕ್ಕಕ್ಕೆ ತಳ್ಕೊಂಡು ಹೋಗುತ್ತೆ. ನಡೆದು ದಾಟೋಕೆ ಹೆದರಿಕೆ ಆಗೋ ನೀರಿಗೆ ಗಾಡಿ ಇಳಿಸ್ಬೇಡಿ. ನಿಂತ ನೀರಾದ್ರೆ ಕೋಲು ಹಿಡಿದು ಮೊದಲು ನಡೆದು ಆಳ ನೋಡಿ, ತಳದಲ್ಲಿ ಕಲ್ಲಿದೆಯಾ ಕೆಸರಿದೆಯಾ ಕಾಲಿಗೇ ಗೊತ್ತಾಗುತ್ತೆ.

ಗಾಡಿ ಕೊಳ್ಳೋವಾಗ ಬಾನೆಟ್ ಎತ್ತಿ ಏರ್ ಇಂಟೇಕ್ ಬಾಯಿ ಎಲ್ಲಿದೆ ಅಂತ ನೋಡಿ. ಕೆಲವು ಗಾಡೀಲಿ ಹೆಡ್‌ಲೈಟ್ ಕೆಳಗೇ ಇರುತ್ತೆ. ಅದರೊಳಗೆ ನೀರು ಹೋದ್ರೆ ಸಿಲಿಂಡರ್ ಒಳಗೆ ಸೇರುತ್ತೆ, ನೀರು ಗಾಳಿ ಥರ ಕುಗ್ಗಲ್ಲ, ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಾಗುತ್ತೆ, ಎಂಜಿನ್ ಕಥೆ ಮುಗೀತು. ನೀರಲ್ಲಿ ಆಫ್ ಆದ್ರೆ ಮತ್ತೆ ಸ್ಟಾರ್ಟ್ ಮಾಡೋಕೆ ಹೋಗ್ಲೇಬೇಡಿ, ಎಳೆಸಿ ಹೊರಗೆ ತನ್ನಿ.

ಪ್ರಶ್ನೆ: ಹಳೇ ಫೋರ್ ಬೈ ಫೋರ್ ಒಂದು ಒಳ್ಳೆ ರೇಟಿಗೆ ಬಂದಿದೆ, ಪೇಂಟ್ ಹೊಳೀತಿದೆ. ಏನೇನು ನೋಡ್ಲಿ?

ಉತ್ತರ: ಪೇಂಟ್ ಬಿಟ್ಟು ಉಳಿದಿದ್ದೆಲ್ಲ ನೋಡಿ. ಟಾರ್ಚ್ ಹಿಡಿದು ಅಡೀಲಿ ಹೋಗಿ, ಚಾಸಿ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಟಣ್ ಅಂದ್ರೆ ಸರಿ, ಡಬ್ ಅಂದ್ರೆ ಒಳಗಿಂದ ತುಕ್ಕು ತಿಂದಿದೆ. ಅಡೀಲಿ ಹೊಸದಾಗಿ ಕಪ್ಪು ಬಳಿದಿದ್ರೆ ಎರಡು ಪಟ್ಟು ಹುಷಾರಾಗಿರಿ. ಡಿಫರೆನ್ಷಿಯಲ್ ಆಯಿಲ್ ಒಂದು ಚಮಚದಷ್ಟು ತೆಗೆಸಿ ಬೆರಳಲ್ಲಿ ಉಜ್ಜಿ ನೋಡಿ. ನಾನು ಒಂದು ಗಾಡಿಗೆ ಹೀಗೆ ಮಾಡಿದಾಗ ಬೆರಳು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗ್ತು, ಅಂದ್ರೆ ಬ್ರೀದರ್ ಅನ್ನೋ ಗಾಳಿಯಾಡೋ ಸಣ್ಣ ಕೊಳವೆ ಮೂಲಕ ನೀರು ಒಳಗೆ ಹೋಗಿ ಆಯಿಲ್ ಜೊತೆ ಕಡೆದು ಹೋಗಿದೆ, ಮೇಲೆ ಸಣ್ಣ ಮಿಂಚುಪುಡಿ ಬೇರೆ, ಗೇರ್ ಹಲ್ಲಿನ ಲೋಹ. ಹೊರಗಿಂದ ನೋಡಿದ್ರೆ ಮದುವೆ ಗಾಡಿ ಥರ ಇತ್ತು, ಮಾರೋರು ಒಂದು ಸಲವೂ ನೀರಿಗೆ ಇಳಿಸಿಲ್ಲ ಅಂತ ಆಣೆ ಮಾಡಿದ್ರು.

4ಎಚ್, 4ಎಲ್ (ಲೋ ರೇಂಜ್) ಎರಡೂ ಹಾಕಿ ಮಣ್ಣಲ್ಲಿ ಓಡಿಸಿ ನೋಡಿ, ವರ್ಷಗಟ್ಟಲೆ ಬಳಸದೆ ಇದ್ರೆ ಕಚ್ಕೊಳ್ಳಲ್ಲ. ಮುಂದಿನ ಚಕ್ರದ ಒಳಗಡೆ ಇರೋ ರಬ್ಬರ್ ಬೂಟು ಹರಿದಿದ್ರೆ ಚಕ್ರಕ್ಕೆ ಶಕ್ತಿ ದಾಟಿಸೋ ಸಿವಿ ಜಾಯಿಂಟ್ ಅನ್ನೋ ಕೀಲಿನ ಒಳಗೆ ಮಣ್ಣು ಹೋಗಿದೆ ಅಂತ ಅರ್ಥ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದ್ರೆ ಟಕ್ ಟಕ್ ಅನ್ನುತ್ತೆ. ಗಂಟೆಗೆ 60-80ರಲ್ಲಿ ಒಂದು ಸಣ್ಣ ಉಬ್ಬು ದಾಟಿದಾಗ ಸ್ಟೇರಿಂಗ್ ಗಡಗಡ ಅಲ್ಲಾಡಿದ್ರೆ ಆ ಗಾಡಿ ಹತ್ರ ಮೆಕ್ಯಾನಿಕ್ ಇಲ್ಲದೆ ವ್ಯಾಪಾರ ಮಾತಾಡ್ಬೇಡಿ.

ಪ್ರಶ್ನೆ: ತಗೊಂಡ ತಕ್ಷಣ ಲಿಫ್ಟ್ ಕಿಟ್, ದೊಡ್ಡ ಟೈರ್, ಹಗ್ಗ ಸುತ್ತಿ ಎಳೆಯೋ ವಿಂಚ್ ಹಾಕಿಸೋಣ ಅಂತಿದೀನಿ. ಮೊದಲು ಯಾವುದು?

ಉತ್ತರ: ಮೊದಲು ಆರು ತಿಂಗಳು ಕಂಪನಿಯಿಂದ ಬಂದ ಹಾಗೇ ಓಡಿಸಿ, ಗಾಡಿಗೆ ಏನು ಸಾಲ್ತಿಲ್ಲ ಅಂತ ಅದೇ ಹೇಳುತ್ತೆ. ಸಾಲಿಡ್ ಆಕ್ಸಲ್ ಗಾಡಿಗೆ ಲಿಫ್ಟ್ ಕಿಟ್ ಹಾಕಿದ್ರೆ ಬಾಡಿ ಮೇಲಕ್ಕೆ ಹೋಗುತ್ತೆ, ಆಗ್ಲೇ ಹೇಳಿದ್ನಲ್ಲ ಆ ಕಬ್ಬಿಣದ ಗುಂಡು, ಅದು ಇದ್ದಲ್ಲೇ ಇರುತ್ತೆ. ಅದನ್ನ ಎತ್ತೋದು ದೊಡ್ಡ ಟೈರ್ ಮಾತ್ರ, ಅದೂ ಅರ್ಧದಷ್ಟು, 2 ಇಂಚು ದೊಡ್ಡ ಟೈರ್ ಹಾಕಿದ್ರೆ ಆಕ್ಸಲ್ ಏಳೋದು 1 ಇಂಚು. ಟೈರ್ 5 ಪರ್ಸೆಂಟ್ ದೊಡ್ಡದಾದ್ರೆ ಮೀಟರ್ 100 ತೋರಿಸೋವಾಗ ನಿಜವಾಗಿ 105ರಲ್ಲಿ ಇರ್ತೀರ, ಚಕ್ರದ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗೋದ್ರಿಂದ ನಿಧಾನದಲ್ಲಿ ಹೋಗೋ ಶಕ್ತಿನೂ ಅಷ್ಟೇ ಕಮ್ಮಿ ಆಗುತ್ತೆ. ಬಾಡಿ ಎತ್ತರ ಆದಷ್ಟೂ ಓರೆ ನೆಲದಲ್ಲಿ ಮಗುಚೋ ಅಪಾಯ ಜಾಸ್ತಿ. ನಿಮ್ಮಲ್ಲಿ ಇಂಥ ಬದಲಾವಣೆಗೆ ಕಾನೂನು ಎಷ್ಟು ಬಿಡುತ್ತೆ ಅನ್ನೋದನ್ನೂ ಮುಂಚೆನೇ ಕೇಳ್ಕೊಳ್ಳಿ.

ಮೊದಲ ದುಡ್ಡು ರಿಕವರಿ ಸಾಮಾನಿಗೆ ಹೋಗ್ಲಿ. ಸಲಿಕೆ, ಚಕ್ರದ ಕೆಳಗಿಡೋ ಟ್ರಾಕ್ಷನ್ ಬೋರ್ಡ್ ಒಂದು ಜೊತೆ, ಕಂಪ್ರೆಸರ್, ಗಾಡಿ ತೂಕಕ್ಕೆ ತಕ್ಕ ರಿಕವರಿ ಹಗ್ಗ, ಹಗ್ಗ ಸಿಕ್ಕಿಸೋ ಎರಡು ಶ್ಯಾಕಲ್ ಕೊಂಡಿ, ದಪ್ಪ ಗ್ಲೌಸ್. ಕೊಳ್ಳೋ ಗಾಡಿಗೆ ಮುಂದೆ ಹಿಂದೆ ಚಾಸಿಗೇ ಬೋಲ್ಟ್ ಮಾಡಿರೋ ರಿಕವರಿ ಪಾಯಿಂಟ್ ಇದೆಯಾ ಅಂತ ನೋಡಿ, ಲಾರೀಲಿ ಸಾಗಿಸೋವಾಗ ಕಟ್ಟೋಕೆ ಇಟ್ಟಿರೋ ತೆಳು ಬಳೆನೂ ಅದರ ಥರನೇ ಕಾಣುತ್ತೆ, ಮೋಸ ಹೋಗ್ಬೇಡಿ. ಟ್ರೇಲರ್ ಎಳೆಯೋ ಟೋ ಬಾಲ್‌ಗೆ ಮಾತ್ರ ಯಾವತ್ತೂ ಹಗ್ಗ ಸಿಕ್ಕಿಸ್ಬೇಡಿ. ಹಿಗ್ಗಿದ ಹಗ್ಗದ ಎಳೆತಕ್ಕೆ ಅದು ಮುರಿದ್ರೆ ಆ ಕಬ್ಬಿಣದ ಉಂಡೆ ಗುಂಡಿನ ಥರ ಹಾರಿ ಬರುತ್ತೆ, ಗಾಜು ಒಡೆದು ಒಳಗಿರೋರ ಜೀವ ತೆಗೆದಿದ್ದೂ ಇದೆ. ಎಳೆಯೋವಾಗ ಹಗ್ಗದ ಮಧ್ಯಕ್ಕೆ ಒಂದು ಒದ್ದೆ ಕಂಬಳಿ ಹಾಕಿ, ನೋಡೋಕೆ ನಿಂತಿರೋರನ್ನ ಹಗ್ಗದ ಉದ್ದಕ್ಕಿಂತ ಒಂದೂವರೆ ಪಟ್ಟು ದೂರ ಕಳಿಸಿ, ಆಮೇಲೆ ಗೇರ್ ಹಾಕಿ.